ಹೊಸ ಲಾಂಛನಕ್ಕೆ ಮತದಾನ: ಎಣಿಕೆಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕಾದ ನಿಯಮಗಳು

ಸಂಚಾಲಕಿ

ಬಳಗದ ಎಲ್ಲರಿಗೂ ನಮಸ್ಕಾರ. ಹಕ್ಕುಸ್ವಾಮ್ಯದ ಅವಧಿ ಮುಗಿದ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ತಿದ್ದಿ, ಓದುಗರಿಗೆ ಉಚಿತವಾಗಿ ಒದಗಿಸುವ ಈ ಕೆಲಸ ಶುರುವಾದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಓಲೆಗರಿಯ ಕಟ್ಟಿನ ಮೇಲೆ ಹಣತೆ ಉರಿಯುತ್ತಿರುವ ಚಿತ್ರವೊಂದನ್ನು ಕೈಯಲ್ಲೇ ಬರೆದುಕೊಟ್ಟಿದ್ದರು. ಈವರೆಗೂ ಅದೇ ನಮ್ಮ ಲಾಂಛನ. ಕರಪತ್ರದಲ್ಲಿ ಅದು ಇಂದಿಗೂ ಚೆನ್ನಾಗಿ ಕಾಣುತ್ತದೆ. ಆದರೆ ಫೋನಿನ ಪರದೆಯ ಮೇಲೆ ಬೆರಳುಗುರಿನಷ್ಟು ಚಿಕ್ಕದಾದಾಗ ಗರಿ ಯಾವುದು, ಹಣತೆ ಯಾವುದು ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಕಳೆದ ವಾರ್ಷಿಕ ಸಭೆಯಲ್ಲಿ ಒಪ್ಪಿಕೊಂಡಂತೆ ಹೊಸ ವಿನ್ಯಾಸಗಳಿಗೆ ಕರೆ ಕೊಟ್ಟಿದ್ದೆವು, 23 ವಿನ್ಯಾಸಗಳು ಬಂದಿವೆ.

ಆಯ್ಕೆಗೆ ನನಗೆ ತೋಚಿದ ಕ್ರಮ ಹೀಗಿದೆ. ಇಪ್ಪತ್ತಮೂರನ್ನೂ ಒಂದೇ ಪುಟದಲ್ಲಿ ಪ್ರಕಟಿಸುವುದು, ಒಬ್ಬರಿಗೆ ಒಂದು ಮತ, ಏಳು ದಿನಗಳ ಅವಧಿ, ಹೆಚ್ಚು ಮತ ಬಂದದ್ದು ಗೆದ್ದಂತೆ. ಆಕ್ಷೇಪಣೆಗಳಿದ್ದರೆ ಮತದಾನ ಆರಂಭವಾಗುವ ಮೊದಲೇ ತಿಳಿಸಬೇಕೆಂದು ಕೋರುತ್ತೇನೆ.

ಎಣಿಕೆ ಮೇಜು

ಸಂಚಾಲಕರೇ, ಕ್ರಮ ಸರಳವಾಗಿದೆ ಎಂಬುದನ್ನು ಒಪ್ಪುತ್ತೇನೆ, ಆದರೆ ಅದರ ತೊಂದರೆಯೂ ಆ ಸರಳತೆಯಲ್ಲೇ ಇದೆ. ಬಂದಿರುವ ವಿನ್ಯಾಸಗಳಲ್ಲಿ ಕನಿಷ್ಠ ಆರು, ತೆರೆದ ಪುಸ್ತಕದ ಒಳಗೆ ಒಂದು ಅಕ್ಷರವನ್ನು ಇರಿಸಿದ ವಿನ್ಯಾಸಗಳು. ತೆರೆದ ಪುಸ್ತಕ ಇಷ್ಟವಾದವರ ಮತಗಳು ಈ ಆರರ ನಡುವೆ ಹಂಚಿಹೋಗುತ್ತವೆ. ಅತ್ತ ಗಂಡಭೇರುಂಡದ ವಿನ್ಯಾಸ ಒಂದೇ ಒಂದು ಇದೆ. ನೂರು ಜನ ಮತ ಹಾಕಿದರು ಎಂದುಕೊಳ್ಳೋಣ. ಅರವತ್ತು ಜನ ಪುಸ್ತಕದ ಕಡೆ ಇದ್ದು, ಆರು ವಿನ್ಯಾಸಗಳಿಗೂ ಹತ್ತು ಹತ್ತು ಮತ ಬಿದ್ದು, ಗಂಡಭೇರುಂಡಕ್ಕೆ ಹದಿನೈದು ಬಂದರೆ ಗೆಲ್ಲುವುದು ಗಂಡಭೇರುಂಡವೇ. ಉಳಿದ ಎಂಬತ್ತೈದು ಜನಕ್ಕೆ ಅದು ಇಷ್ಟವೋ ಅಲ್ಲವೋ ಎಂದು ಈ ಪದ್ಧತಿಯಲ್ಲಿ ಯಾರೂ ಕೇಳುವುದೇ ಇಲ್ಲ.

ಇದಕ್ಕೆ ನಮಗೆ ಪರಿಚಯವಿರುವ ಉತ್ತರವೊಂದಿದೆ. ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಗೊತ್ತಿರುವಂತೆ, ಅಲ್ಲಿ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯವನ್ನು ಬರೆಯುತ್ತಾರೆ. ಮೊದಲ ಪ್ರಾಶಸ್ತ್ಯದ ಮತಗಳಲ್ಲೇ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಕೊನೆಯಲ್ಲಿರುವವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿರುವ ಮುಂದಿನ ಪ್ರಾಶಸ್ತ್ಯವನ್ನು ಉಳಿದವರಿಗೆ ಸೇರಿಸುತ್ತಾ ಹೋಗುತ್ತಾರೆ. ರಾಷ್ಟ್ರಪತಿ ಚುನಾವಣೆಯೂ ಇದೇ ಬಗೆಯದು, ಆದರೆ ಅಲ್ಲಿ ಮತ ಹಾಕುವ ಶಾಸಕರ, ಸಂಸದರ ಒಂದೊಂದು ಮತಕ್ಕೂ ಗೊತ್ತಾದ ಮೌಲ್ಯವಿರುತ್ತದೆ. 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ವೇಳೆ ಪಕ್ಷದ ರಾಷ್ಟ್ರಪತಿ ಅಭ್ಯರ್ಥಿಯಾಗಿ ನೀಲಂ ಸಂಜೀವ ರೆಡ್ಡಿಯವರ ಹೆಸರು ಅಂತಿಮವಾದದ್ದು ಹಿರಿಯರಿಗೆ ನೆನಪಿರಬಹುದು. ಆ ಚುನಾವಣೆಯಲ್ಲಿ ಅವರ ಎದುರು ನಿಂತಿದ್ದ ವಿ. ವಿ. ಗಿರಿಯವರಿಗೆ ಮೊದಲ ಎಣಿಕೆಯಲ್ಲಿ 4,01,515 ಮತಮೌಲ್ಯವೂ ರೆಡ್ಡಿಯವರಿಗೆ 3,13,548 ಮತಮೌಲ್ಯವೂ ಬಂದಿದ್ದವು, ಇಬ್ಬರೂ ಅರ್ಧವನ್ನು ದಾಟಿರಲಿಲ್ಲ. ಎರಡನೆಯ ಪ್ರಾಶಸ್ತ್ಯಗಳನ್ನು ಸೇರಿಸಿದ ಮೇಲೆ ಲೆಕ್ಕ 4,20,077ಕ್ಕೆ 4,05,427 ಆಯಿತು. ಸುಮಾರು ಎಂಬತ್ತೆಂಟು ಸಾವಿರದಷ್ಟಿದ್ದ ಅಂತರ ಹದಿನೈದು ಸಾವಿರದೊಳಕ್ಕೆ ಇಳಿದದ್ದನ್ನು ನೋಡಿದರೆ ಎರಡನೆಯ ಪ್ರಾಶಸ್ತ್ಯಕ್ಕೆ ಎಷ್ಟು ತೂಕವಿದೆ ಎಂಬುದು ಗೊತ್ತಾಗುತ್ತದೆ.

ಮಲೆನಾಡಿಗ

ಲಾಂಛನಕ್ಕೂ ರಾಷ್ಟ್ರಪತಿ ಚುನಾವಣೆಯ ಲೆಕ್ಕ ಬೇಕೇ ಸರ್? ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಜನ ಫೋನಿನಲ್ಲೇ ಎಲ್ಲವನ್ನೂ ನೋಡುವವರು. ಇಪ್ಪತ್ತಮೂರು ಚಿತ್ರಗಳಿಗೆ ಕ್ರಮಸಂಖ್ಯೆ ಕೊಡಿ ಎಂದರೆ ಐದನೆಯದಕ್ಕೆ ಬರುವಷ್ಟರಲ್ಲಿ ಬೇಸರ ಬಂದು ಬಿಟ್ಟುಹೋಗುತ್ತಾರೆ. ಅದರ ಬದಲು ಯಾವ ಯಾವ ವಿನ್ಯಾಸ ಒಪ್ಪಿಗೆಯೋ ಅವೆಲ್ಲಕ್ಕೂ ಗುರುತು ಹಾಕಿ ಎಂದರೆ ಸಾಕಲ್ಲವೇ? ಆರು ಪುಸ್ತಕಗಳೂ ಇಷ್ಟವಾದವರು ಆರಕ್ಕೂ ಗುರುತು ಹಾಕುತ್ತಾರೆ, ಮತ ಹಂಚಿಹೋಗುವ ಪ್ರಶ್ನೆಯೇ ಬರುವುದಿಲ್ಲ.

ಎಣಿಕೆ ಮೇಜು

ಒಪ್ಪಿಗೆ ಮತ ಕೆಟ್ಟ ಪದ್ಧತಿಯೇನಲ್ಲ, ಇಪ್ಪತ್ತಮೂರನ್ನು ಐದಾರಕ್ಕೆ ಇಳಿಸುವ ಮೊದಲ ಹಂತಕ್ಕೆ ಅದೇ ಸೂಕ್ತ ಎಂದು ನನಗೂ ಅನ್ನಿಸುತ್ತದೆ. ಆದರೆ ಕೊನೆಯ ಹಂತದಲ್ಲಿ 'ಬಹಳ ಇಷ್ಟ' ಎನ್ನುವುದೂ 'ಪರವಾಗಿಲ್ಲ' ಎನ್ನುವುದೂ ಒಂದೇ ಗುರುತಿನಲ್ಲಿ ಬೆರೆತುಹೋಗುತ್ತವೆ. ಅಲ್ಲಿ ಪ್ರಾಶಸ್ತ್ಯವೇ ಬೇಕು. ಐದು ಚಿತ್ರಗಳಿಗೆ ಕ್ರಮಸಂಖ್ಯೆ ಕೊಡುವುದು ಯಾರಿಗೂ ಹೊರೆಯಾಗಲಾರದು.

ಗೆರೆ ಮತ್ತು ಬಣ್ಣ

ನಾನು ವೃತ್ತಿಯಿಂದ ವಿನ್ಯಾಸಕಿ. ಈ ಸ್ಪರ್ಧೆಗೆ ನಾನು ಏನನ್ನೂ ಕಳುಹಿಸಿಲ್ಲ ಎಂಬುದನ್ನು ಮೊದಲೇ ಹೇಳಿ ಮಾತು ಆರಂಭಿಸುತ್ತೇನೆ.

ಎಣಿಕೆಯ ಪದ್ಧತಿಯ ಬಗ್ಗೆ ಇಲ್ಲಿ ನಡೆದಿರುವ ಚರ್ಚೆ ಸರಿಯಾದದ್ದೇ, ಆದರೆ ಇಂಥ ಆಯ್ಕೆಗಳಲ್ಲಿ ಅನ್ಯಾಯ ನುಸುಳುವುದು ಬಹುಪಾಲು ಎಣಿಕೆಯ ಮೇಜಿನ ಬಳಿ ಅಲ್ಲ, ಅಂತಿಮ ಪಟ್ಟಿಯನ್ನು ತಯಾರಿಸುವ ಕೋಣೆಯಲ್ಲಿ. ನ್ಯೂಜಿಲೆಂಡಿನವರು 2015–16ರಲ್ಲಿ ತಮ್ಮ ಧ್ವಜವನ್ನು ಬದಲಿಸಬೇಕೇ ಎಂದು ಎರಡು ಜನಮತಗಣನೆಗಳನ್ನು ನಡೆಸಿದರು. ಸಾರ್ವಜನಿಕರಿಂದ 10,292 ವಿನ್ಯಾಸಗಳು ಬಂದಿದ್ದವು. ಹನ್ನೆರಡು ಜನರ ಸಮಿತಿ ಅವನ್ನು ಮೊದಲು ನಲವತ್ತಕ್ಕೆ, ಆಮೇಲೆ ನಾಲ್ಕಕ್ಕೆ ಇಳಿಸಿತು. ಆ ನಾಲ್ಕರಲ್ಲಿ ಮೂರು ಜರೀಗಿಡದ ಎಲೆಯ ಚಿತ್ರಗಳು. ಅವುಗಳಲ್ಲೂ ಎರಡು ಒಬ್ಬನೇ ವಿನ್ಯಾಸಕನ ಒಂದೇ ಚಿತ್ರ, ಬಣ್ಣವಷ್ಟೇ ಬೇರೆ. ಹತ್ತು ಸಾವಿರ ವಿನ್ಯಾಸಗಳಿಂದ ಆರಿಸಿದ್ದು ಇದನ್ನೇ ಎಂದು ಜನ ಕೇಳತೊಡಗಿದರು. ಪಟ್ಟಿಯಲ್ಲಿ ಇಲ್ಲದ 'ಕೆಂಪು ಶಿಖರ' ಎಂಬ ವಿನ್ಯಾಸದ ಪರವಾಗಿ ಸಾಮಾಜಿಕ ಜಾಲತಾಣಗಳಲ್ಲಿ ಒತ್ತಾಯ ಎಷ್ಟು ಬಲವಾಯಿತೆಂದರೆ, ಕೊನೆಗೆ ಸಂಸತ್ತು ಕಾನೂನನ್ನೇ ತಿದ್ದಿ ಅದನ್ನು ಐದನೆಯದಾಗಿ ಸೇರಿಸಬೇಕಾಯಿತು. ಸಮಿತಿಯ ಬಗ್ಗೆ ಕೇಳಿಬಂದ ಮುಖ್ಯ ದೂರು, ಅದರಲ್ಲಿ ವಿನ್ಯಾಸ ಬಲ್ಲವರ ಕೊರತೆ ಇತ್ತು ಎಂಬುದು.

ಹಾಗಾದರೆ ಪರಿಣತರ ಕೈಗೇ ಎಲ್ಲವನ್ನೂ ಒಪ್ಪಿಸಿಬಿಡಬೇಕೇ? ಟೋಕಿಯೊ 2020 ಒಲಿಂಪಿಕ್ಸಿನ ಮೊದಲ ಲಾಂಛನವನ್ನು ಆಯ್ಕೆ ಮಾಡಿದ್ದು ಪರಿಣತರೇ. ಬೆಲ್ಜಿಯಮ್ಮಿನ ಲೀಜ್ ನಗರದ ರಂಗಮಂದಿರವೊಂದರ ಲಾಂಛನವನ್ನು ಅದು ಹೋಲುತ್ತದೆ ಎಂಬ ದೂರು ಬಂದು 2015ರಲ್ಲಿ ಅದನ್ನು ಹಿಂತೆಗೆದುಕೊಂಡರು. ಎರಡನೆಯ ಸಲ ಸ್ಪರ್ಧೆಯನ್ನು ಎಲ್ಲರಿಗೂ ತೆರೆದಾಗ 14,599 ವಿನ್ಯಾಸಗಳು ಬಂದವು. ನಾಲ್ಕನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿ, 2016ರ ಏಪ್ರಿಲ್‌ನಲ್ಲಿ ಚೌಕಳಿ ವಿನ್ಯಾಸವೊಂದನ್ನು ಆರಿಸಿದರು. ಇನ್ನೊಂದು ಸ್ವಾರಸ್ಯವೆಂದರೆ, ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಹೆಸರು ಹೇಳಿದ ಕೂಡಲೇ ಎಲ್ಲರ ಕಣ್ಣಮುಂದೆ ಬರುವ ಆ ದುಂಡು ಪೆಂಗ್ವಿನ್, 1990ರ ದಶಕದಲ್ಲಿ ನಡೆದ ಲಾಂಛನ ಸ್ಪರ್ಧೆಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ಹೀಗಾಗಿ ಮತದಾನದಲ್ಲಿ ಗೆದ್ದದ್ದೇ ಜನರ ಮನಸ್ಸಿನಲ್ಲಿ ಉಳಿಯುತ್ತದೆ ಎಂಬ ಖಾತರಿಯನ್ನು ಯಾರೂ ಕೊಡಲಾರರು. ಸೋತವರೂ ಒಪ್ಪುವಂಥ ಕ್ರಮವನ್ನು ನಡೆಸುವುದು ಮಾತ್ರ ನಮ್ಮ ಕೈಯಲ್ಲಿದೆ.

ನನ್ನ ಸಲಹೆ ಇಷ್ಟೇ. ಅಂತಿಮ ಪಟ್ಟಿಯನ್ನು ಮಾಡುವವರು ರುಚಿಯ ತೀರ್ಪು ಕೊಡಕೂಡದು, ಪರೀಕ್ಷೆಯನ್ನು ಮಾತ್ರ ಮಾಡಬೇಕು. ಹದಿನಾರು ಪಿಕ್ಸೆಲ್ ಅಗಲಕ್ಕೆ ಇಳಿಸಿದಾಗ ಆಕಾರ ಉಳಿಯುತ್ತದೆಯೇ, ಕಪ್ಪು ಒಂದೇ ಬಣ್ಣದಲ್ಲಿ ರಬ್ಬರ್ ಮೊಹರು ಮಾಡಿಸಿದರೆ ಗುರುತು ಸಿಗುತ್ತದೆಯೇ, ಬಟ್ಟೆಯ ಚೀಲದ ಮೇಲೆ ಅಚ್ಚು ಹಾಕಿಸಬಹುದೇ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಕಡತವನ್ನು ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಯಾರು ಬೇಕಾದರೂ ಉತ್ತರಿಸಬಹುದು. ಕನ್ನಡ ಅಕ್ಷರವಿರುವ ವಿನ್ಯಾಸಗಳಲ್ಲಿ ಒತ್ತಕ್ಷರವನ್ನೂ ಗುಣಿತದ ಚಿಹ್ನೆಯನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು. ವಿಕಿಪೀಡಿಯದ ಗೋಳದ ಮೇಲೆ ನಮ್ಮ 'ವಿ' ಅಕ್ಷರವೂ ಇದೆ ಎಂಬುದು ಹಲವರಿಗೆ ಗೊತ್ತು. ಅದೇ ಗೋಳದ 2003ರ ಮೂಲ ರೂಪದಲ್ಲಿ ದೇವನಾಗರಿ ಮತ್ತು ಜಪಾನಿ ಅಕ್ಷರಗಳು ತಪ್ಪಾಗಿ ಮೂಡಿದ್ದವು, 2010ರಲ್ಲಿ ಗೋಳವನ್ನು ಹೊಸದಾಗಿ ರಚಿಸುವವರೆಗೂ ಆ ತಪ್ಪುಗಳು ಹಾಗೇ ಉಳಿದಿದ್ದವು. ನಮ್ಮಲ್ಲಿಗೆ ಬಂದಿರುವ ವಿನ್ಯಾಸಗಳಲ್ಲೂ ಒಂದರಲ್ಲಿ 'ಸ್ತ'ದ ಒತ್ತು ಕಳಚಿ ಪಕ್ಕಕ್ಕೆ ಸರಿದಿದೆ. ಪುಸ್ತಕಗಳ ಅಕ್ಷರ ತಿದ್ದುವ ಬಳಗದ ಲಾಂಛನದಲ್ಲೇ ಇಂಥ ತಪ್ಪು ಇರುವುದು ಬೇಡ.

ಕಟಕಟೆ

ಮೇಲಿನ ಪರೀಕ್ಷೆಗಳ ಜೊತೆಗೆ ಕಾನೂನಿಗೆ ಸಂಬಂಧಿಸಿದ ಪರಿಶೀಲನೆಯೂ ಮತದಾನಕ್ಕೆ ಮೊದಲೇ ಮುಗಿಯಬೇಕು. ವಿಕಿಮೀಡಿಯದ ಪ್ರವಾಸ ಕೈಪಿಡಿಯಾದ ವಿಕಿವಾಯೇಜ್‌ನವರು ಸಮುದಾಯದ ಮತದಾನದಿಂದಲೇ ಲಾಂಛನವನ್ನು ಆರಿಸಿಕೊಂಡಿದ್ದರು. ಅದು ತಮ್ಮ ಲಾಂಛನವನ್ನು ಹೋಲುತ್ತದೆ ಎಂದು ವಿಶ್ವ ವ್ಯಾಪಾರ ಸಂಸ್ಥೆಯವರು ಆಕ್ಷೇಪಿಸಿ ಪತ್ರ ಬರೆದರು. 2013ರಲ್ಲೇ ಮತ್ತೊಮ್ಮೆ ವಿನ್ಯಾಸಗಳನ್ನು ಕರೆದು, ಮತ್ತೊಮ್ಮೆ ಮತ ಹಾಕಿ, ಹೊಸದನ್ನು ಆರಿಸಬೇಕಾಯಿತು. ನಾವು ಅಷ್ಟು ದೊಡ್ಡವರಲ್ಲ, ನಮ್ಮನ್ನು ಯಾರು ಕೇಳುತ್ತಾರೆ ಎನ್ನಬಹುದು. ಆದರೆ ಜನ ಆರಿಸಿದ ಮೇಲೆ ಅದನ್ನು ಕೈಬಿಡಬೇಕಾಗಿ ಬಂದರೆ ಎರಡನೆಯ ಮತದಾನಕ್ಕೆ ಯಾರಲ್ಲೂ ಉತ್ಸಾಹ ಉಳಿದಿರುವುದಿಲ್ಲ. ಅಂತಿಮ ಪಟ್ಟಿಗೆ ಬರುವ ಪ್ರತಿ ಚಿತ್ರವನ್ನೂ ಚಿತ್ರಹುಡುಕಾಟದಲ್ಲಿ ಹಾಕಿ, ಅದನ್ನು ಹೋಲುವಂಥದ್ದು ಈಗಾಗಲೇ ಬಳಕೆಯಲ್ಲಿದೆಯೇ ಎಂದು ನೋಡುವುದಕ್ಕೆ ಒಂದು ಸಂಜೆ ಸಾಕು.

ಗಂಡಭೇರುಂಡದ ಬಗ್ಗೆ ಒಂದು ಎಚ್ಚರಿಕೆ. ಶಿಲ್ಪಗಳಲ್ಲಿ, ಹಳೆಯ ನಾಣ್ಯಗಳಲ್ಲಿ ಕಾಣುವ ಗಂಡಭೇರುಂಡ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಬಂದಿರುವ ವಿನ್ಯಾಸ ಕರ್ನಾಟಕ ಸರ್ಕಾರದ ಲಾಂಛನಕ್ಕೆ ತೀರ ಹತ್ತಿರವಾಗಿದೆ. ಲಾಂಛನಗಳ ಮತ್ತು ಹೆಸರುಗಳ ಅನುಚಿತ ಬಳಕೆಯನ್ನು ತಡೆಯುವ 1950ರ ಕಾಯ್ದೆಯ ಅನುಸೂಚಿಯಲ್ಲಿ ರಾಜ್ಯ ಸರ್ಕಾರಗಳ ಲಾಂಛನಗಳೂ ಸೇರಿವೆ. ಕಳುಹಿಸಿದವರು ಬಯಸಿದರೆ ಅದನ್ನು ತಿದ್ದಿ ಕೊಡಲು ಅವಕಾಶವಿರಲಿ, ಇದ್ದ ಹಾಗೆಯೇ ಮತಕ್ಕೆ ಇಡುವುದು ಬೇಡ.

ಬಳಕೆಯ ಹಕ್ಕನ್ನು ಗೆದ್ದ ಮೇಲೆ ಕೇಳುವುದೂ ತಪ್ಪು. ಪಟ್ಟಿಗೆ ಸೇರುವ ಮೊದಲೇ ಪ್ರತಿಯೊಬ್ಬ ವಿನ್ಯಾಸಕರಿಂದ, ಚಿತ್ರ ಸ್ವಂತದ್ದು, ಅದರಲ್ಲಿ ಬಳಸಿದ ಅಕ್ಷರವಿನ್ಯಾಸಕ್ಕೆ ಪರವಾನಗಿ ಇದೆ, ಆಯ್ಕೆಯಾದರೆ ಬಳಗ ಅದನ್ನು ಮುಕ್ತವಾಗಿ ಬಳಸಬಹುದು ಎಂದು ಲಿಖಿತ ಒಪ್ಪಿಗೆ ಪಡೆಯಬೇಕು.

ಓಲೆಗರಿ

ಹಣತೆಯ ಚಿತ್ರವನ್ನು ಬರೆದವನು ನಾನೇ. ಈ ಚರ್ಚೆಯಲ್ಲಿ ಮಾತನಾಡಬಾರದು ಎಂದುಕೊಂಡಿದ್ದೆ, ಆದರೆ ಇಷ್ಟು ಜನ ಇಷ್ಟು ವಿವರವಾಗಿ ನ್ಯಾಯದ ಬಗ್ಗೆ ಬರೆದಿದ್ದರೂ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಮತಪತ್ರದಲ್ಲಿ ಈಗಿರುವ ಲಾಂಛನಕ್ಕೆ ಜಾಗವಿದೆಯೇ? ವಾರ್ಷಿಕ ಸಭೆಯಲ್ಲಿ ಒಪ್ಪಿಕೊಂಡದ್ದು ಹೊಸ ವಿನ್ಯಾಸಗಳನ್ನು ಕರೆಯುವುದಕ್ಕೆ, ಹಳೆಯದನ್ನು ತೆಗೆದುಹಾಕುವುದಕ್ಕಲ್ಲ. ಆ ದಿನ ಸಭೆಯಲ್ಲಿ ಎಷ್ಟು ಜನರಿದ್ದರು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ನೋಡಬಹುದು. ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ 2013ರಿಂದ 'ನೋಟಾ' ಎಂಬ ಗುಂಡಿಯಾದರೂ ಇದೆ. ಇಲ್ಲಿ ಅದೂ ಇಲ್ಲದಿದ್ದರೆ, ಬದಲಾವಣೆಯೇ ಬೇಡ ಎನ್ನುವವರು ಮತ ಹಾಕದೆ ಸುಮ್ಮನಿರಬೇಕಾಗುತ್ತದೆ, ಆಮೇಲೆ ಅವರ ಮೌನವನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುತ್ತೀರಿ.

ಸಂಚಾಲಕಿ

ಸರ್, ನಿಮ್ಮ ಮಾತು ಸರಿ, ಅದು ನನ್ನ ಕಡೆಯಿಂದ ಆದ ಲೋಪ. ನಡಾವಳಿಯನ್ನು ಮತ್ತೆ ತೆಗೆದು ಓದಿದೆ. 'ಹೊಸ ವಿನ್ಯಾಸಗಳನ್ನು ಆಹ್ವಾನಿಸಿ ಪರಿಶೀಲಿಸುವುದು' ಎಂದಷ್ಟೇ ಇದೆ.

ಹೊರನಾಡು

ನಾನು ಆಗ ಕೆಲಸದ ನಿಮಿತ್ತ ಆಕ್ಲೆಂಡಿನಲ್ಲಿದ್ದೆ, ಧ್ವಜದ ವಿವಾದವನ್ನು ಹತ್ತಿರದಿಂದ ನೋಡಿದ್ದೇನೆ. ಓಲೆಗರಿಯವರು ಎತ್ತಿರುವ ಪ್ರಶ್ನೆಯೇ ಅಲ್ಲಿಯೂ ದೊಡ್ಡದಾಗಿತ್ತು. ಮೊದಲ ಜನಮತಗಣನೆಯಲ್ಲಿ ಐದು ಹೊಸ ಧ್ವಜಗಳಿಗೆ ಪ್ರಾಶಸ್ತ್ಯ ಕೊಡಿ ಎಂದು ಕೇಳಿದರು. ಬದಲಾವಣೆ ಬೇಕೇ ಬೇಡವೇ ಎಂಬ ಪ್ರಶ್ನೆ ಬಂದದ್ದು ಎರಡನೆಯದರಲ್ಲಿ. ವಿರೋಧ ಪಕ್ಷದವರು ಆ ಪ್ರಶ್ನೆಯನ್ನೇ ಮೊದಲು ಕೇಳಿ ಎಂದು ಪಟ್ಟು ಹಿಡಿದಿದ್ದರು. ಅದಕ್ಕೂ ಒಂದು ಎದುರುವಾದ ಇತ್ತು: ಬದಲಿಗೆ ಬರುವುದು ಯಾವುದೆಂದು ತೋರಿಸದೆ ಬದಲಾವಣೆ ಬೇಕೇ ಎಂದರೆ ಜನ ಏನೆಂದು ಉತ್ತರಿಸಬೇಕು? ಮನೆ ತೋರಿಸದೆ ಮನೆ ಬದಲಿಸುತ್ತೀರಾ ಎಂದು ಕೇಳಿದ ಹಾಗೆ.

ಮೊದಲ ಸುತ್ತಿನ ಎಣಿಕೆಯೂ ಎಣಿಕೆ ಮೇಜಿನವರ ಮಾತಿಗೆ ಪುಷ್ಟಿ ಕೊಡುತ್ತದೆ. ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದದ್ದು ಕೆಂಪು-ಬಿಳಿ-ನೀಲಿ ಬಣ್ಣದ ಜರೀಎಲೆ, ಶೇಕಡಾ 41.64, ಅದರ ಜೋಡಿಯಾದ ಕಪ್ಪು-ಬಿಳಿ-ನೀಲಿಗೆ ಶೇಕಡಾ 40.15. ಉಳಿದ ಮೂರು ಒಂದೊಂದಾಗಿ ಕಣದಿಂದ ಹೊರಗೆ ಹೋಗಿ ಅವುಗಳ ಮುಂದಿನ ಪ್ರಾಶಸ್ತ್ಯಗಳು ಸೇರಿದಾಗ ಲೆಕ್ಕ ತಿರುಗಿ, ಕಪ್ಪು-ಬಿಳಿ-ನೀಲಿ ಶೇಕಡಾ 50.58ರಿಂದ ಗೆದ್ದಿತು. ಒಬ್ಬರಿಗೆ ಒಂದೇ ಮತ ಎಂದಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. 2016ರ ಮಾರ್ಚ್‌ನಲ್ಲಿ ಅದನ್ನು ಹಳೆಯ ಧ್ವಜದ ಎದುರು ನಿಲ್ಲಿಸಿದಾಗ ಶೇಕಡಾ 56.6 ಜನ ಹಳೆಯದೇ ಇರಲಿ ಎಂದರು, ಹೊಸದಕ್ಕೆ ಬಂದದ್ದು ಶೇಕಡಾ 43.1. ಇಡೀ ಪ್ರಕ್ರಿಯೆಗೆ ಮೀಸಲಿಟ್ಟಿದ್ದ ಮೊತ್ತ ಸುಮಾರು 2.6 ಕೋಟಿ ನ್ಯೂಜಿಲೆಂಡ್ ಡಾಲರ್. ಹಣ ಪೋಲಾಯಿತು ಎಂದು ಬೈದವರು ಬಹಳ ಜನ. ಆದರೂ ಹಳೆಯ ಧ್ವಜವೇ ಉಳಿಯಿತು ಎಂಬುದನ್ನು ಬದಲಾವಣೆ ಬಯಸಿದವರೂ ಒಪ್ಪಿಕೊಂಡರು, ಏಕೆಂದರೆ ಅದನ್ನು ನೇರವಾಗಿ ಕೇಳಿದ್ದರು.

ಎಣಿಕೆ ಮೇಜು

ನಮಗೆ ಎರಡು ಮತದಾನಗಳು ಬೇಕಾಗಿಲ್ಲ, ಒಂದೇ ಮತಪತ್ರದಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರ ಪಡೆಯಬಹುದು. ಡೆಬಿಯನ್ ತಂತ್ರಾಂಶ ಸಮುದಾಯದ ಮತಪತ್ರದಲ್ಲಿ 'ಮೇಲಿನ ಯಾವುದೂ ಬೇಡ' ಎಂಬುದೂ ಒಂದು ಆಯ್ಕೆಯಾಗಿರುತ್ತದೆ, ಮತದಾರರು ಅದಕ್ಕೂ ಕ್ರಮಸಂಖ್ಯೆ ಕೊಡುತ್ತಾರೆ. ಆ ಆಯ್ಕೆಯನ್ನು ಸೋಲಿಸಲಾಗದ ಯಾವ ಪ್ರಸ್ತಾಪವೂ ಅಲ್ಲಿ ಗೆಲ್ಲುವಂತಿಲ್ಲ. ಅದೇ ರೀತಿ, ಅಂತಿಮ ಪಟ್ಟಿಯ ಐದು ಹೊಸ ವಿನ್ಯಾಸಗಳ ಜೊತೆಗೆ ಹಣತೆಯ ಲಾಂಛನವೂ ಆರನೆಯದಾಗಿ ಇರಲಿ. ಎಲ್ಲರೂ ಆರಕ್ಕೂ ಪ್ರಾಶಸ್ತ್ಯ ಕೊಡಲಿ. ಮೊದಲು ಹಣತೆಯನ್ನು ಬದಿಗಿಟ್ಟು ಐದರಲ್ಲಿ ಗೆಲ್ಲುವುದು ಯಾವುದೆಂದು ಎಣಿಸೋಣ. ಆಮೇಲೆ ಅವೇ ಮತಪತ್ರಗಳನ್ನು ಇನ್ನೊಮ್ಮೆ ತೆಗೆದು, ಗೆದ್ದ ವಿನ್ಯಾಸವನ್ನು ಹಣತೆಗಿಂತ ಮೇಲೆ ಬರೆದವರು ಎಷ್ಟು ಜನ, ಕೆಳಗೆ ಬರೆದವರು ಎಷ್ಟು ಜನ ಎಂದು ನೋಡೋಣ. ಮೇಲೆ ಬರೆದವರು ಹೆಚ್ಚಾಗಿದ್ದರೆ ಲಾಂಛನ ಬದಲಾಗುತ್ತದೆ. ಇಲ್ಲದಿದ್ದರೆ ಹಣತೆಯೇ ಮುಂದುವರಿಯುತ್ತದೆ.

ಇದರಲ್ಲಿ ಓಲೆಗರಿಯವರಂಥವರಿಗೆ ಒಂದು ಅನುಕೂಲವಿದೆ. ಹಣತೆಗೆ 1 ಎಂದು ಬರೆದ ಮೇಲೂ, ಬದಲಾಗುವುದೇ ಆದರೆ ಯಾವುದು ಬರಲಿ ಎಂಬ ತೀರ್ಮಾನದಲ್ಲಿ ಅವರ 2 ಮತ್ತು 3 ಪೂರ್ಣ ಬೆಲೆಯಲ್ಲೇ ಎಣಿಕೆಯಾಗುತ್ತವೆ.

ಓಲೆಗರಿ

ಇದು ನನಗೆ ಒಪ್ಪಿಗೆ. ಸರಳ ಬಹುಮತ ಸಾಕೋ, ಮೂರನೆಯ ಎರಡರಷ್ಟು ಬೇಕೋ ಎಂಬುದನ್ನೂ ಈಗಲೇ ಬರೆದಿಡಿ. ನನ್ನ ಮಟ್ಟಿಗೆ ಸರಳ ಬಹುಮತ ಸಾಕು. ಸ್ವಂತ ಚಿತ್ರಕ್ಕೆ ವಿಶೇಷ ರಕ್ಷಣೆ ಕೇಳಿದೆ ಎಂಬ ಮಾತು ನನಗೆ ಬೇಡ.

ಮಲೆನಾಡಿಗ

ಮತ ಹಾಕುವವರು ಯಾರು ಎಂಬುದು ಇನ್ನೂ ನಿರ್ಧಾರವಾಗಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪುಸ್ತಕದ ಒಂದು ಪುಟವನ್ನೂ ತಿದ್ದದವರು ನೂರಾರು ಜನರಿದ್ದಾರೆ. ಸ್ಪರ್ಧಿಯೊಬ್ಬರು ತಮ್ಮ ಕಾಲೇಜಿನ ತರಗತಿಯನ್ನೇ ನಿನ್ನೆ ಗುಂಪಿಗೆ ಸೇರಿಸಿದಂತೆ ಕಾಣುತ್ತದೆ. ನಮ್ಮೂರ ಹುಡುಗ ಎಂಬ ಅಭಿಮಾನ ತಪ್ಪಲ್ಲ, ಆದರೆ ಅದು ಲಾಂಛನವನ್ನು ನಿರ್ಧರಿಸಬಾರದು.

ಹೊರನಾಡು

ಬ್ರಿಟನ್ನಿನ ಸಂಶೋಧನಾ ಮಂಡಳಿಯೊಂದು 2016ರಲ್ಲಿ ತನ್ನ ಹೊಸ ಹಡಗಿಗೆ ಹೆಸರು ಸೂಚಿಸಿ ಎಂದು ಅಂತರ್ಜಾಲದಲ್ಲಿ ಕರೆ ಕೊಟ್ಟಾಗ, ತಮಾಷೆಗೆಂದು ಸೂಚಿಸಿದ 'ಬೋಟಿ ಮೆಕ್‌ಬೋಟ್‌ಫೇಸ್' ಎಂಬ ಹೆಸರಿಗೆ 1,24,109 ಮತಗಳು ಬಂದವು. ಮಂಡಳಿಯವರು ಆ ಮತವನ್ನು ಸಲಹೆ ಎಂದಷ್ಟೇ ಪರಿಗಣಿಸಿ ಹಡಗಿಗೆ ಡೇವಿಡ್ ಆಟನ್‌ಬರೋ ಅವರ ಹೆಸರಿಟ್ಟು, ತಮಾಷೆಯ ಹೆಸರನ್ನು ಹಡಗಿನೊಂದಿಗಿನ ಜಲಾಂತರ ಯಂತ್ರವೊಂದಕ್ಕೆ ಕೊಟ್ಟರು. ಮತಕ್ಕೆ ಕೊನೆಯ ಮಾತಿನ ಅಧಿಕಾರವಿದೆಯೇ, ಅದು ಕೇವಲ ಸಲಹೆಯೇ ಎಂಬುದನ್ನು ಮೊದಲ ದಿನವೇ ದಪ್ಪ ಅಕ್ಷರದಲ್ಲಿ ಬರೆಯದಿದ್ದರೆ ಇಂಥ ಮುಜುಗರ ತಪ್ಪಿದ್ದಲ್ಲ. ಟೋಕಿಯೊದವರು ಒಲಿಂಪಿಕ್ಸಿನ ಮುದ್ದುಗೊಂಬೆಗಳ ಆಯ್ಕೆಯನ್ನು ಜಪಾನಿನ ಪ್ರಾಥಮಿಕ ಶಾಲೆಗಳಿಗೆ ಬಿಟ್ಟಾಗ ಒಂದು ತರಗತಿಗೆ ಒಂದೇ ಮತ ಎಂದು ನಿಯಮ ಮಾಡಿದ್ದರು. ಮಕ್ಕಳು ತಮ್ಮಲ್ಲೇ ಚರ್ಚಿಸಿ ಒಮ್ಮತಕ್ಕೆ ಬರಬೇಕಿತ್ತು. ಎರಡು ಲಕ್ಷಕ್ಕೂ ಹೆಚ್ಚು ತರಗತಿಗಳು ಅದರಲ್ಲಿ ಪಾಲ್ಗೊಂಡವು. ಮತದಾರರು ಯಾರೆಂದು ಮೊದಲೇ ಎಣಿಸಿ ಗೊತ್ತುಮಾಡಿಕೊಂಡರೆ ಹೊರಗಿನ ನೆರೆ ಒಳಗೆ ನುಗ್ಗಲು ದಾರಿ ಇರುವುದಿಲ್ಲ.

ಗೆರೆ ಮತ್ತು ಬಣ್ಣ

ಇನ್ನೆರಡು ಚಿಕ್ಕ ವಿಷಯಗಳು. ವಿನ್ಯಾಸಕರ ಹೆಸರುಗಳನ್ನು ಫಲಿತಾಂಶದವರೆಗೆ ಪ್ರಕಟಿಸಬೇಡಿ, ಮತದಾನ ನಡೆಯುತ್ತಿರುವಾಗ ಯಾವುದಕ್ಕೆ ಎಷ್ಟು ಬಂದಿದೆ ಎಂಬುದನ್ನೂ ತೋರಿಸಬೇಡಿ. ಮುಂದಿರುವುದಕ್ಕೆ ಇನ್ನಷ್ಟು ಮತ ಬೀಳುವುದು ಮನುಷ್ಯರ ಸ್ವಭಾವ. ಹಾಗೆಯೇ ಎಲ್ಲ ಚಿತ್ರಗಳೂ ಒಂದೇ ಅಳತೆಯಲ್ಲಿ, ಒಂದೇ ಬಿಳಿ ಹಿನ್ನೆಲೆಯ ಮೇಲೆ ಇರಬೇಕು. ಒಬ್ಬರು ಚಹಾ ಲೋಟದ ಮೇಲೆ, ಅಂಗಿಯ ಮೇಲೆ ಅಚ್ಚಾದಂತೆ ತೋರಿಸಿ ಚಂದದ ಚಿತ್ರಗಳನ್ನು ಕಳುಹಿಸಿದ್ದಾರೆ. ಅವು ಲೋಟದ ಸೌಂದರ್ಯಕ್ಕೂ ಮತ ತರುತ್ತವೆ.

ಪಟ್ಟಿಯ ಮೇಲ್ತುದಿಯಲ್ಲಿ ಇರುವುದಕ್ಕೂ ಒಂದಿಷ್ಟು ಲಾಭವಿದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಈ ಕಾರಣಕ್ಕಾಗಿಯೇ ಅಭ್ಯರ್ಥಿಗಳ ಹೆಸರುಗಳ ಕ್ರಮವನ್ನು ಮತಪತ್ರದಿಂದ ಮತಪತ್ರಕ್ಕೆ ಬದಲಿಸಿ ಮುದ್ರಿಸುತ್ತಾರೆ. ನಮ್ಮ ನಮೂನೆಯಲ್ಲೂ ಚಿತ್ರಗಳ ಸಾಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಬರುವಂತೆ ಮಾಡಬಹುದು.

ಸಂಚಾಲಕಿ

ಎಲ್ಲರಿಗೂ ಧನ್ಯವಾದಗಳು. ಮೊದಲಿನ ಪ್ರಸ್ತಾಪವನ್ನು ಹಿಂತೆಗೆದುಕೊಂಡು, ಇದುವರೆಗಿನ ಚರ್ಚೆಯಂತೆ ಹೊಸ ಕ್ರಮವನ್ನು ಬರೆದಿದ್ದೇನೆ. ಈ ಚರ್ಚೆ ಆರಂಭವಾದ ದಿನಕ್ಕೆ ಮೊದಲು ಕನಿಷ್ಠ ಹತ್ತು ಪುಟಗಳನ್ನಾದರೂ ತಿದ್ದಿದವರು ಅಥವಾ ಸ್ಕ್ಯಾನ್ ಮಾಡಿಕೊಟ್ಟವರು ಮತದಾರರು; ಅವರ ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಣೆಗೆ ಐದು ದಿನ ಕೊಡುತ್ತೇವೆ. ಗೆರೆ ಮತ್ತು ಬಣ್ಣ ಹಾಗೂ ಕಟಕಟೆ ಇಬ್ಬರೂ ಸೇರಿ ಪರೀಕ್ಷೆಗಳನ್ನು ನಡೆಸುತ್ತಾರೆ. ಕೈಬಿಟ್ಟ ಪ್ರತಿ ವಿನ್ಯಾಸದ ಮುಂದೆ ಕಾರಣವನ್ನು ಬರೆಯಬೇಕು, ಮತ್ತು ಕಳುಹಿಸಿದವರಿಗೆ ತಿದ್ದಿ ಕೊಡಲು ಒಂದು ವಾರ ಸಿಗಬೇಕು. ಪರೀಕ್ಷೆಯಲ್ಲಿ ಉಳಿದವುಗಳ ಮೇಲೆ ಒಪ್ಪಿಗೆ ಮತ ನಡೆದು ಐದು ಮುಂದಕ್ಕೆ ಹೋಗುತ್ತವೆ. ಕೊನೆಯ ಹಂತದಲ್ಲಿ ಈ ಐದು ಮತ್ತು ಹಣತೆ, ಒಟ್ಟು ಆರಕ್ಕೆ ಪ್ರಾಶಸ್ತ್ಯ ಮತ. ಫಲಿತಾಂಶವನ್ನು ಸರಳ ಬಹುಮತ ನಿರ್ಧರಿಸುತ್ತದೆ, ಅದೇ ಅಂತಿಮ. ಅದನ್ನು ಬದಲಿಸುವ ಅಧಿಕಾರ ಕಾರ್ಯಕಾರಿ ಸಮಿತಿಗಾಗಲೀ ನನಗಾಗಲೀ ಇರುವುದಿಲ್ಲ. ಎಣಿಕೆ ಮುಗಿದ ಮೇಲೆ ಹೆಸರುಗಳನ್ನು ತೆಗೆದು ಎಲ್ಲ ಮತಪತ್ರಗಳನ್ನೂ ಪ್ರಕಟಿಸುತ್ತೇವೆ, ಬೇಕಾದವರು ಕುಳಿತು ಮತ್ತೆ ಎಣಿಸಿಕೊಳ್ಳಬಹುದು.

ಸಮ ಬಂದರೆ ಏನು ಎಂದು ಒಬ್ಬರು ಖಾಸಗಿಯಾಗಿ ಕೇಳಿದ್ದಾರೆ. ಸಾರ್ವತ್ರಿಕ ಚುನಾವಣೆಯಲ್ಲಿ ಮಾಡುವಂತೆ ಚೀಟಿ ಎತ್ತುವುದು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ ಎಂಬುದು ನೆನಪಿರುವವರಿಗೆ ಈ ಪ್ರಶ್ನೆ ಅತಿಯೆನಿಸಲಾರದು.

ಎಣಿಕೆ ಮೇಜು

ನಿಜವಾದ ಮತದಾನಕ್ಕೆ ಮೊದಲು ಒಂದು ತಾಲೀಮು ನಡೆಸೋಣ ಎಂದು ಸಂಚಾಲಕರನ್ನು ಕೇಳಿದ್ದೆ, ಅದನ್ನು ನಿನ್ನೆ ರಾತ್ರಿ ಹದಿನೇಳು ಜನರೊಂದಿಗೆ ಮಾಡಿ ನೋಡಿದೆವು. ಲಾಂಛನಗಳ ಜಾಗದಲ್ಲಿ ಮಸಾಲೆ ದೋಸೆ, ಸೆಟ್ ದೋಸೆ, ಇಡ್ಲಿ, ಅಕ್ಕಿ ರೊಟ್ಟಿ ಮತ್ತು ಪೂರಿ ಇದ್ದವು. ಈಗಿರುವ ಲಾಂಛನದ ಪಾತ್ರವನ್ನು ಉಪ್ಪಿಟ್ಟಿಗೆ ಕೊಟ್ಟಿದ್ದೆವು, ಓಲೆಗರಿಯವರು ಕ್ಷಮಿಸಬೇಕು. ಉಪ್ಪಿಟ್ಟನ್ನು ಬದಿಗಿಟ್ಟು ಎಣಿಸಿದಾಗ ಮೊದಲ ಪ್ರಾಶಸ್ತ್ಯದಲ್ಲಿ ಇಡ್ಲಿ 6, ಮಸಾಲೆ ದೋಸೆ 5, ಸೆಟ್ ದೋಸೆ 4, ಅಕ್ಕಿ ರೊಟ್ಟಿ 2, ಪೂರಿ ಶೂನ್ಯ. ಒಬ್ಬರಿಗೆ ಒಂದೇ ಮತ ಎಂದಿದ್ದರೆ ಇಡ್ಲಿ ಗೆದ್ದುಬಿಡುತ್ತಿತ್ತು. ರೊಟ್ಟಿಯ ಎರಡು ಮತಗಳು ಆಚೆಗೊಂದು ಈಚೆಗೊಂದು ಹೋಗಿ, ಸೆಟ್ ದೋಸೆಯ ನಾಲ್ಕೂ ಮಸಾಲೆ ದೋಸೆಗೆ ಸೇರಿ, ಕೊನೆಗೆ ದೋಸೆ 10, ಇಡ್ಲಿ 7 ಆಯಿತು. ಉಪ್ಪಿಟ್ಟಿನ ಎದುರು ದೋಸೆಯನ್ನು ಮೇಲೆ ಬರೆದವರು 13 ಜನ.

ಆದರೆ ತಾಲೀಮಿನಲ್ಲಿ ಒಂದು ತೊಡಕು ಕಂಡುಬಂತು. ಇಬ್ಬರು ಬೇರೆ ಬೇರೆಯಾಗಿ ಎಣಿಸಿದಾಗ ಒಂದು ಮತಪತ್ರದಲ್ಲಿ ಲೆಕ್ಕ ಹೊಂದಲಿಲ್ಲ. ಅದರಲ್ಲಿ ಇಡ್ಲಿಗೆ 1, ರೊಟ್ಟಿಗೂ ಪೂರಿಗೂ 2, ಉಳಿದವುಗಳ ಮುಂದೆ ಏನೂ ಇರಲಿಲ್ಲ. ಪರಿಷತ್ತಿನ ಚುನಾವಣೆಯ ನಿಯಮದಲ್ಲಿ 1 ಎಂಬುದು ಇಲ್ಲದಿದ್ದರೆ ಅಥವಾ ಇಬ್ಬರ ಮುಂದೆ ಇದ್ದರೆ ಆ ಮತಪತ್ರವೇ ತಿರಸ್ಕೃತ. 1 ಸರಿಯಾಗಿದ್ದು ಮುಂದಿನ ಅಂಕಿ ಎರಡು ಕಡೆ ಬಂದಿದ್ದರೆ ಮತ ಅಲ್ಲಿಯವರೆಗೆ ಮಾತ್ರ ಎಣಿಕೆಯಾಗುತ್ತದೆ. ಅದನ್ನೇ ನಮ್ಮ ನಿಯಮವಾಗಿ ಸೇರಿಸಬಹುದೇ? ಏನೂ ಬರೆಯದೆ ಬಿಟ್ಟದ್ದನ್ನು, ಹಣತೆಯನ್ನೂ ಸೇರಿಸಿ, ಬರೆದವುಗಳಿಗಿಂತ ಕೆಳಗಿನದೆಂದು ಭಾವಿಸುವುದು ಎಂದು ಇನ್ನೊಂದು ಸಾಲು ಬೇಕು.

ಸಂಚಾಲಕಿ

ಎರಡೂ ಸಾಲುಗಳನ್ನು ಸೇರಿಸಿದ್ದೇನೆ. ಒಂದೇ ಅಂಕಿಯನ್ನು ಎರಡು ಕಡೆ ಹಾಕಲು ಹೋದರೆ ನಮೂನೆಯೇ ಎಚ್ಚರಿಸುವಂತೆ ತಿದ್ದಲು ಮಲೆನಾಡಿಗರನ್ನು ಕೋರಿದ್ದೇನೆ. ಮತದಾರರ ಕರಡು ಪಟ್ಟಿ ನಾಳೆ ಸಂಜೆ ಪ್ರಕಟವಾಗುತ್ತದೆ.

ಓಲೆಗರಿ

ಪಟ್ಟಿಯ ಆಕ್ಷೇಪಣೆಗಳನ್ನು ನೋಡುವ ಕೆಲಸಕ್ಕೆ ಜನ ಬೇಕಿದ್ದರೆ ನಾನು ಬರುತ್ತೇನೆ. ಎಣಿಕೆಗೆ ಮಾತ್ರ ನನ್ನನ್ನು ಕರೆಯಬೇಡಿ, ನನ್ನ ಚಿತ್ರ ಕಣದಲ್ಲಿದೆ.